ಯಂತ್ರ ಒಯ್ದ ಬೀಜ

ಹೋದ ತಿಂಗಳು ತಾಂಡೂರಿನಲ್ಲಿ ಕಲ್ಲು ಪಾಲಿಷ್ ಮಾಡುವ ಅಂಗಳವೊಂದರಲ್ಲಿ ನಿಂತಿದ್ದೆ. ಮನೆಯ ಅಡುಗೆಕೋಣೆಗೆ ಹಾಸುಗಲ್ಲು ಬೇಕಿತ್ತು. ಮಧ್ಯಾಹ್ನದ ಬಿಸಿಲಿಗೆ ಕಾದು ಬಿದ್ದಿದ್ದ ಕಲ್ಲುಗಳ ಮೇಲೆ ಅಲ್ಲಿನ ಕೆಲಸದಾತ ಪೈಪಿನಿಂದ ನೀರು ಬಿಟ್ಟ. ಕಾದ ಕಲ್ಲು ನೀರು ಕುಡಿಯುವಾಗ ಒಂದು ವಾಸನೆ ಏಳುತ್ತದೆ. ಮಣ್ಣಿನದೂ ಅಲ್ಲ, ಸುಣ್ಣದ್ದೂ ಅಲ್ಲ, ಎರಡರ ನಡುವಿನದು. ಅದು ಮೂಗಿಗೆ ಬಡಿದದ್ದೇ ತಡ, ನಾನು ಏನು ಕೊಳ್ಳಲು ಬಂದಿದ್ದೆನೋ ಅದನ್ನೇ ಮರೆತು ನಿಂತುಬಿಟ್ಟೆ. ಕಣ್ಣಮುಂದೆ ಬಂದದ್ದು ಬೀದರ್ ಗಡಿಗೆ ಹತ್ತಿರದ ನಾರಾಯಣಖೇಡದ ಹೆಣ್ಣುಮಕ್ಕಳ ಹಾಸ್ಟೆಲಿನ ಹಿತ್ತಿಲು. ಅಲ್ಲಿ ಇದೇ ತಾಂಡೂರು ಕಲ್ಲಿನ ಕಟ್ಟೆಯ ಮೇಲೆ ಸೌರ ಫಲಕಗಳು ಓರೆಯಾಗಿ ನಿಂತಿದ್ದವು. ದಿನಾ ಬೆಳಿಗ್ಗೆ ಅವನ್ನು ತೊಳೆದ ನೀರು ಕಲ್ಲಿನ ಮೇಲೆ ಬಿದ್ದು ಇದೇ ವಾಸನೆ ಏಳುತ್ತಿತ್ತು.

ಅದು ಪ್ರತ್ಯೇಕ ತೆಲಂಗಾಣ ರಾಜ್ಯದ ಹೋರಾಟ ಕುದಿಯುತ್ತಿದ್ದ ವರ್ಷ. ನಾನು ಬೀದರಿನಲ್ಲಿ ಎಂ.ಎಸ್ಸಿ. ಮುಗಿಸಿ ಕೊಹೀರ್ ಹತ್ತಿರದ ನಮ್ಮೂರಿಗೆ ಬಂದು ಕೂತಿದ್ದೆ. ಆಗ ಸಿಕ್ಕ ಮೊದಲ ಕೆಲಸ ವಿಠ್ಠಲ ಸರ್ ಅವರ ಕೈಕೆಳಗಿನ ಸಹಾಯಕಿಯದು. ಸರ್ ತಾಂಡೂರಿನವರು. ಜೀವಮಾನವಿಡೀ ಹೈದರಾಬಾದಿನಲ್ಲಿ ರಸಾಯನಶಾಸ್ತ್ರ ಕಲಿಸಿ, ನಿವೃತ್ತಿಯಾದ ಮೇಲೆ ಒಂದು ಸಂಶೋಧನಾ ಸಂಸ್ಥೆಯ ಬೆನ್ನು ಹತ್ತಿ, ಬಿಸಿಲಿನಿಂದ ನೀರನ್ನು ಒಡೆದು ಉರಿಯುವ ಅನಿಲ ಮಾಡುವ ಒಂದು ಯಂತ್ರವನ್ನು ಈ ಹಾಸ್ಟೆಲಿಗೆ ತರಿಸಿದ್ದರು. ಆ ಅನಿಲದಿಂದ ಹಾಸ್ಟೆಲಿನ ಒಲೆ ಉರಿಯಬೇಕು ಎಂಬುದು ಅವರ ಆಸೆ. ಎಂಥ ನೌಕರಿ ಅಂತ ಅವ್ವ ಕೇಳಿದಾಗ ನೀರು ಸುಡುವ ನೌಕರಿ ಅಂದೆ. ಓದಿ ಓದಿ ಮಗಳಿಗೆ ಏನೋ ಆಗಿದೆ ಅಂತ ಆಕೆ ವಾರವೆಲ್ಲ ಚಿಂತೆ ಮಾಡಿದಳು.

ಯಂತ್ರ ಅಂದರೆ ದೊಡ್ಡದೇನಲ್ಲ. ಫಲಕಗಳಿಂದ ಎರಡು ದಪ್ಪ ತಂತಿ ಹೊರಟು ಒಂದು ಪೆಟ್ಟಿಗೆಯೊಳಗೆ ಹೋಗುತ್ತಿದ್ದವು. ಪೆಟ್ಟಿಗೆಯಲ್ಲಿ ಕ್ಷಾರ ಬೆರೆಸಿದ ನೀರು, ನೀರಿನಲ್ಲಿ ನಿಕ್ಕೆಲ್ ತಗಡುಗಳು. ಬಿಸಿಲು ಬಿದ್ದರೆ ಒಂದು ತಗಡಿನಲ್ಲಿ ಜಲಜನಕ, ಎದುರಿನ ತಗಡಿನಲ್ಲಿ ಆಮ್ಲಜನಕ. ನೋಡುವವರಿಗೆಂದು ಸರ್ ಪಕ್ಕದಲ್ಲಿ ಒಂದು ಚಿಕ್ಕ ಗಾಜಿನ ಪಾತ್ರೆಯನ್ನೂ ಜೋಡಿಸಿದ್ದರು. ಮೋಡ ಸರಿದು ಬಿಸಿಲು ಬಂದ ಗಳಿಗೆಗೆ ಸರಿಯಾಗಿ, ಸುಮ್ಮನೆ ಕೂತಿದ್ದ ಆ ನೀರಿನಲ್ಲಿ ಗುಳ್ಳೆಗಳು ಏಳಲು ಶುರುವಾಗುತ್ತಿದ್ದವು. ಮೋಡ ಬಂದರೆ ನಿಲ್ಲುತ್ತಿದ್ದವು. ಪುಸ್ತಕದಲ್ಲಿ ನೂರು ಸಲ ಓದಿದ್ದ ಸಂಗತಿಯೇ. ಆದರೂ ಮೊದಲ ದಿನ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತವಳು ಊಟಕ್ಕೆ ಕರೆದರೂ ಏಳಲಿಲ್ಲ. ಅಷ್ಟು ದೂರದ ಸೂರ್ಯ ಇಲ್ಲಿಯ ನೀರನ್ನು ಸದ್ದಿಲ್ಲದೆ ಬಿಡಿಸುತ್ತಿದ್ದಾನೆ ಅನ್ನುವುದು ಮೈ ಜುಮ್ಮೆನ್ನಿಸುವ ಮಾತು.

ನನ್ನ ಪಕ್ಕದಲ್ಲಿ ಅಷ್ಟೇ ಹೊತ್ತು ಕೂತಿದ್ದವಳು ಶಾಂತಾಬಾಯಿ. ಹಾಸ್ಟೆಲಿನ ಅಡುಗೆಯವಳು. ಎತ್ತರದ ಆಳು, ಅದಕ್ಕೂ ಎತ್ತರದ ದನಿ. ಮುಂಜಾನೆ ಹೊಗೆಯೊಳಗೆ ಹೋಗಿ ಮಧ್ಯಾಹ್ನ ಕೆಂಪು ಕಣ್ಣು ಮಾಡಿಕೊಂಡು ಹೊರಬರುತ್ತಿದ್ದಳು. ಫಲಕ ತೊಳೆಯುವ ಕೆಲಸವನ್ನು ಯಾರೂ ಹೇಳದೆಯೇ ತಾನೇ ವಹಿಸಿಕೊಂಡಿದ್ದಳು. ಸರ್ ಮೊದಲ ಸಲ ಅನಿಲದ ಒಲೆ ಹೊತ್ತಿಸಿ ಅದರ ಮೇಲೆ ತಣ್ಣೀರಿನ ಪಾತ್ರೆ ಇಟ್ಟಾಗ ಪಾತ್ರೆಯ ತಳದಲ್ಲಿ ಹನಿಗಳು ಕಟ್ಟಿ ತೊಟ್ಟಿಕ್ಕಿದವು. ಶಾಂತಾಬಾಯಿ ಪಾತ್ರೆ ಸೋರುತ್ತಿದೆಯೆಂದು ಎತ್ತಿ, ಸೆರಗಿನಿಂದ ತಳ ಒರೆಸಿ ಮತ್ತೆ ಇಟ್ಟಳು. ಮತ್ತೆ ಹನಿ. ಆಗ ಸರ್ ಹೇಳಿದರು, ಈ ಅನಿಲ ನೀರಿನಿಂದ ಬಂದದ್ದು, ಉರಿದರೆ ಮತ್ತೆ ನೀರೇ ಆಗುತ್ತದೆ, ಹೊಗೆ ಇಲ್ಲ, ಬೂದಿ ಇಲ್ಲ ಅಂತ. ಆಕೆ ಒದ್ದೆ ಬೆರಳನ್ನು ಬಹಳ ಹೊತ್ತು ನೋಡಿಕೊಂಡಳು.

"ಉರಿಯಿಂದ ನೀರು ಬರ್ತದಂದ್ರ ನಾ ಇಷ್ಟು ದಿನ ಒಲಿ ಮುಂದ ಕುಂತು ಏನ್ ನೋಡೀನ್ರಿ," ಅಂದಳು.

ಆದರೆ ಸರ್ ಅವರ ತಲೆಯಲ್ಲಿ ಇನ್ನೊಂದು ಪ್ರಶ್ನೆ ಕೊರೆಯುತ್ತಿತ್ತು. ನಮ್ಮ ಕಡೆ ಬಿತ್ತನೆ ಕಾಲಕ್ಕೆ ಬೀಜವಿಲ್ಲದವರು ಇದ್ದವರ ಮನೆಯಿಂದ ಒಯ್ಯುವ ರೂಢಿ. ಸುಗ್ಗಿಯಾದ ಮೇಲೆ ಒಯ್ದ ಸೇರಿಗೆ ಒಂದೂವರೆ ಸೇರು ತಂದು ಅವರ ಬುಟ್ಟಿಗೆ ಸುರಿಯಬೇಕು. ಸುರಿಯುವ ತನಕ ಹೊಸ ಕಾಳನ್ನು ತನ್ನದು ಅನ್ನುವ ಹಾಗಿಲ್ಲ. ಈ ಯಂತ್ರವೂ ಬೀಜ ಒಯ್ದೇ ಹುಟ್ಟಿದೆ ಅನ್ನುತ್ತಿದ್ದರು ಸರ್. ಮರಳನ್ನು ಕರಗಿಸಿ ಸಿಲಿಕಾನ್ ಮಾಡಲು ಬೆಂಕಿ ಬೇಕು. ಗಾಜಿಗೆ, ಅಲ್ಯೂಮಿನಿಯಂ ಚೌಕಟ್ಟಿಗೆ, ನಿಕ್ಕೆಲ್ಲಿಗೆ, ತಾಮ್ರದ ತಂತಿಗೆ ಬೆಂಕಿ ಬೇಕು. ಇವನ್ನೆಲ್ಲ ಜಹೀರಾಬಾದಿನ ಮೇಲಿಂದ ಹೊತ್ತು ತಂದ ಲಾರಿಯ ಡೀಸೆಲ್ ಬೇಕು. ಆ ಬೆಂಕಿಯೆಲ್ಲ ಬಹುಪಾಲು ಕಲ್ಲಿದ್ದಲಿನದು. ಅಷ್ಟನ್ನೂ ಯಂತ್ರ ತನ್ನ ಆಯುಷ್ಯದೊಳಗೆ ತಿರುಗಿ ಕೊಡುತ್ತದೆಯೇ? ಕೊಡದಿದ್ದರೆ ಇದು ಸೂರ್ಯನ ಒಲೆಯಲ್ಲ, ಬೇರೆಲ್ಲೋ ಉರಿದ ಇದ್ದಲಿನ ಒಲೆಯೇ, ಹೊಗೆ ಮಾತ್ರ ನಮಗೆ ಕಾಣುತ್ತಿಲ್ಲ ಅಷ್ಟೆ.

ದೀಪಾವಳಿ ಕಳೆದ ಮೇಲೆ ಸಂಸ್ಥೆಯವರು ಬಂದು ಈ ಲೆಕ್ಕ ನೋಡುವವರಿದ್ದರು. ತಿಂದದ್ದಕ್ಕಿಂತ ಹೆಚ್ಚು ಕೊಡುತ್ತದೆ ಅಂತಾದರೆ ಯಂತ್ರ ಹಾಸ್ಟೆಲಿನಲ್ಲೇ ಉಳಿಯುತ್ತದೆ. ಇಲ್ಲವಾದರೆ ಬಿಚ್ಚಿ ಲಾರಿಗೆ ಹಾಕಿಕೊಂಡು ಹೋಗುತ್ತಾರೆ. ಶಾಂತಾಬಾಯಿಗೂ ಇದು ಗೊತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ನಾವು ಹಾಕಿದ ಮೊದಲ ಲೆಕ್ಕ ನಮ್ಮ ಬಾಯಿಗೆ ಮಣ್ಣು ಹಾಕಿತು. ಯಂತ್ರ ತನ್ನ ಆಯುಷ್ಯವಿಡೀ ನಡೆದರೂ ಒಯ್ದ ಬೀಜ ತೀರುವಂತಿರಲಿಲ್ಲ. ತಪ್ಪು ಫಲಕದ್ದೂ ಅಲ್ಲ, ನೀರೊಡೆಯುವ ಪೆಟ್ಟಿಗೆಯದೂ ಅಲ್ಲ. ಅನಿಲವನ್ನು ಒತ್ತಿ ಸಿಲಿಂಡರಿಗೆ ತುಂಬುವ ಕಂಪ್ರೆಸರ್ ಒಂದು, ನೀರನ್ನು ಕಾಯಿಸಿ ಶುದ್ಧ ಮಾಡುವ ಹೀಟರ್ ಇನ್ನೊಂದು. ಎರಡೂ ಕಂಬದ ಕರೆಂಟಿನಿಂದ ನಡೆಯುತ್ತಿದ್ದವು, ಬಿಸಿಲು ಕೊಟ್ಟದ್ದರಲ್ಲಿ ಬಹುಪಾಲನ್ನು ತಿಂದು ಕೂರುತ್ತಿದ್ದವು. ನಾನು ಕೂಡಿಸುವುದನ್ನು ಮತ್ತೆ ಮತ್ತೆ ಮಾಡಿದೆ. ಸರ್ ಕನ್ನಡಕ ತೆಗೆದು ಒರೆಸುತ್ತ, ಬಂದದ್ದನ್ನೇ ಬರೆಯೋಣ ಅಂದರು. ಅವರ ಮುಖ ನೋಡಲು ಆಗಲಿಲ್ಲ.

ಅಷ್ಟರಲ್ಲಿ ಹೋರಾಟದ ಮುಷ್ಕರ ಬಂತು. ಬಸ್ಸು ನಿಂತವು, ಶಾಲೆ ಮುಚ್ಚಿದವು, ಆಫೀಸುಗಳಿಗೆ ಬೀಗ ಬಿತ್ತು. ಹತ್ತಿರದೂರಿನ ಹುಡುಗಿಯರು ಯಾರದೋ ಟ್ರ್ಯಾಕ್ಟರು, ಯಾರದೋ ಸೈಕಲ್ಲು ಹಿಡಿದು ಮನೆಗೆ ಹೋದರು. ಹೋಗಲು ಮನೆಯಿಲ್ಲದ ಕೆಲವರು ಉಳಿದರು. ಅವರ ಜೊತೆ ಶಾಂತಾಬಾಯಿ, ಸರ್ ಮತ್ತು ನಾನು. ಗಣಿಯ ಕೆಲಸಗಾರರೂ ಕೆಲಸ ನಿಲ್ಲಿಸಿದ್ದರಿಂದ ಕಲ್ಲಿದ್ದಲು ಮೇಲೆ ಬರದೆ ಕರೆಂಟು ದಿನದ ಬಹುಪಾಲು ಇರುತ್ತಿರಲಿಲ್ಲ. ಕಂಪ್ರೆಸರ್ ಸತ್ತಂತೆ ಬಿದ್ದಿತ್ತು. ಹೀಟರೂ ಹಾಗೇ. ಬಿಸಿಲು ಮಾತ್ರ ಯಾವ ಮುಷ್ಕರಕ್ಕೂ ಸೇರದೆ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಪೆಟ್ಟಿಗೆಯಲ್ಲಿ ಗುಳ್ಳೆ ಏಳುತ್ತಿದ್ದವು. ತುಂಬಿಡಲು ದಾರಿಯಿಲ್ಲದ ಅನಿಲವನ್ನು ಗಾಳಿಗೆ ಬಿಡುತ್ತಿದ್ದೆವು.

ಹಾಸ್ಟೆಲಿನ ಹಿಂಭಾಗದಲ್ಲಿ ಯಾವುದೋ ಕಾಲದಲ್ಲಿ ಕಟ್ಟಿ ಬಿಟ್ಟ ಗೋಬರ್ ಗ್ಯಾಸಿನ ಗುಂಡಿಯೊಂದಿತ್ತು. ಅದರಲ್ಲಿ ಬೋರಲು ಬಿದ್ದ ದೊಡ್ಡ ಕಬ್ಬಿಣದ ಡ್ರಮ್ಮು. ಒಂದು ದಿನ ಸರ್ ಮತ್ತು ನಾನು ಅದರ ಹತ್ತಿರ ನಿಂತು ಒಬ್ಬರ ಮುಖ ಒಬ್ಬರು ನೋಡಿದೆವು. ನೀರಿನ ತೊಟ್ಟಿಯಲ್ಲಿ ಬೋರಲು ಹಾಕಿದ ಡ್ರಮ್ಮಿನೊಳಗೆ ಅನಿಲ ಹೋದರೆ ಡ್ರಮ್ಮು ತಾನೇ ಮೇಲೇಳುತ್ತದೆ. ಅದನ್ನು ಒತ್ತಲು ಯಾವ ಕಂಪ್ರೆಸರೂ ಬೇಡ, ಡ್ರಮ್ಮಿನ ಭಾರವೇ ಸಾಕು. ನೀರಿಗೆ ಹೀಟರ್ ಯಾಕೆ? ಮಾಳಿಗೆಯ ಮೇಲೆ ಇನ್ನೂ ಹಿಂಗಾರಿನ ಮಳೆ ಸುರಿಯುತ್ತಿತ್ತು. ಅದನ್ನೇ ಸೋಸಿ ಹಿಡಿದರಾಯಿತು.

ಗುಂಡಿ ತೊಳೆದು, ಡ್ರಮ್ಮಿನ ತೂತುಗಳಿಗೆ ಬೆಸುಗೆ ಹಾಕಿಸಿ, ಡಾಂಬರು ಬಳಿದು, ಸಾಬೂನು ನೊರೆ ಹಚ್ಚಿ ಎಲ್ಲಿಯೂ ಗುಳ್ಳೆ ಏಳದ ಹಾಗೆ ಮಾಡಲು ಬಹಳ ದಿನ ಹಿಡಿಯಿತು. ಒಳಗಿನ ಗಾಳಿ ಪೂರ್ತಿ ಹೋಗುವ ತನಕ ಸರ್ ಕಿಡಿ ಹತ್ತಿರ ತರಲು ಬಿಡಲಿಲ್ಲ. ಹಿತ್ತಿಲಿನ ಬೇವಿನ ಮರದಿಂದ ಈಚೆಗೆ ಯಾರಾದರೂ ಕಾಲಿಟ್ಟರೆ ಮೇಷ್ಟರ ದನಿಯಲ್ಲಿ ಗದರುತ್ತಿದ್ದರು. ಹಳೆಯ ಡ್ರಮ್ಮಲ್ಲವೇ, ಅದರ ಕಬ್ಬಿಣದ ಬೆಂಕಿಯನ್ನು ಲೆಕ್ಕದಿಂದ ಬಿಡಬಹುದು ಅಂದೆ. "ಕಬ್ಬಿಣ ಹಳೇದಾದ್ರ ಅದನ್ನ ಕರಗಿಸಿದ ಇದ್ದಲಿ ತಿರುಗಿ ಗಣಿಗೆ ಹೋಗ್ತದೇನು?" ಅಂತ ಕೇಳಿ ಅದನ್ನೂ ಸೇರಿಸಿದರು. ನಂತರ ಒಂದು ಬೆಳಿಗ್ಗೆ ಬಿಸಿಲು ಏರಿದಂತೆ ಆ ಭಾರದ ಡ್ರಮ್ಮು ನೀರಿನಿಂದ ನಿಧಾನವಾಗಿ ಎದ್ದಿತು. ಎಬ್ಬಿಸುವ ಕೈ ಇಲ್ಲ, ಮೋಟರಿನ ಸದ್ದಿಲ್ಲ. ಉಳಿದಿದ್ದ ಹುಡುಗಿಯರೆಲ್ಲ ಗೋಡೆಗೆ ಬೆನ್ನು ಹಚ್ಚಿ ಕೂತು ಮಧ್ಯಾಹ್ನದ ತನಕ ಅದನ್ನೇ ನೋಡಿದರು. ನಾನೂ ನೋಡಿದೆ. ಅಂಥ ಬೆಳಿಗ್ಗೆ ನನ್ನ ಬಾಳಿನಲ್ಲಿ ಇನ್ನೊಂದು ಬಂದಿಲ್ಲ.

ಎಲ್ಲ ಸುರಳೀತ ಅನ್ನುವ ಹೊತ್ತಿಗೆ ಸರ್ ಒಂದು ಎಡವಟ್ಟು ಮಾಡಿಕೊಂಡರು. ಯಂತ್ರ ನಡೆಯಲು ಏನೇನು ಬೇಕೋ ಅಷ್ಟನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂಬ ಹಟ ಅವರದು. ದಿನಾ ಫಲಕ ತೊಳೆಯುವುದು ಶಾಂತಾಬಾಯಿಯ ತೋಳು. ತೋಳಿಗೆ ಬಲ ಬರುವುದು ಊಟದಿಂದ. ಹಾಗಾಗಿ ಒಂದು ದಿನ ಆಕೆ ಉಣ್ಣಲು ಕೂತಾಗ ಹತ್ತಿರ ಹೋಗಿ, ದಿನಕ್ಕೆ ಎಷ್ಟು ರೊಟ್ಟಿ ತಿನ್ನುತ್ತೀ ಬಾಯಿ ಅಂತ ಕೇಳಿಬಿಟ್ಟರು.

ನಮ್ಮ ಸೀಮೆಯಲ್ಲಿ ಯಾರನ್ನಾದರೂ ಏನಾದರೂ ಕೇಳಬಹುದು. ಉಣ್ಣುವವರ ರೊಟ್ಟಿ ಎಣಿಸಬಾರದು. ಎಣಿಸಿದರೆ ನಿನಗೆ ಹಾಕುವ ಅನ್ನ ದಂಡ ಅಂದ ಹಾಗೆ. ಶಾಂತಾಬಾಯಿ ತಟ್ಟೆಯನ್ನು ಅಲ್ಲೇ ಸರಿಸಿ ಎದ್ದಳು. ನಾನು ಹಿಂದೆ ಓಡಿ, ಇದು ಆಡಿಕೊಂಡ ಮಾತಲ್ಲ, ಲೆಕ್ಕಕ್ಕೆ ಬೇಕಾಗಿ ಕೇಳಿದ್ದು ಅಂತ ವಿವರಿಸಿದೆ. ಅದು ಉರಿಯುವ ಒಲೆಗೆ ಎಣ್ಣೆ ಹಾಕಿದ ಹಾಗಾಯಿತು. ಮರುದಿನದಿಂದ ಆಕೆ ಹುಡುಗಿಯರಿಗೆ ಅಡುಗೆ ಮಾಡುವಳು, ಸರ್ ಇದ್ದ ಕಡೆ ಮುಖ ಹಾಕಳು, ಫಲಕ ಮುಟ್ಟಳು. ತೊಳೆಯಲು ನಾನು ಹೋದೆ. ಮಾರ್ಕೆಟ್ಟಿನಿಂದ ಉದ್ದಿನ ಹೊಟ್ಟು, ರಸ್ತೆಯಿಂದ ಧೂಳು ಬಂದು ಫಲಕದ ಮೇಲೆ ಕೂರುತ್ತಿದ್ದವು. ನಾನು ಒರೆಸಿದರೆ ಕೆಸರಿನ ಗೆರೆ ಉಳಿಯುತ್ತಿತ್ತು. ಡ್ರಮ್ಮು ದಿನದಿಂದ ದಿನಕ್ಕೆ ಕಡಿಮೆ ಏಳತೊಡಗಿತು. ಸರ್ ಅಡುಗೆಮನೆಯ ಬಾಗಿಲ ತನಕ ಹೋಗಿ ವಾಪಸಾಗುತ್ತಿದ್ದರು. ಅಷ್ಟು ದೊಡ್ಡ ಪಂಡಿತರು ಹೀಗೆ ಬೆಪ್ಪಾಗಿ ನಿಲ್ಲುವುದು ನೋಡಿ ನಗುವೂ ಬರುತ್ತಿತ್ತು, ಪಾಪವೂ ಅನ್ನಿಸುತ್ತಿತ್ತು.

ಆ ದಿನಗಳಲ್ಲಿ ಎಲ್ಲ ಕಡೆ ರಸ್ತೆಯ ಮೇಲೇ ಒಲೆ ಹೂಡಿ, ಅಡುಗೆ ಮಾಡಿ, ಅಲ್ಲೇ ಕೂತು ಉಣ್ಣುವ ಹೋರಾಟ ನಡೆಯುತ್ತಿತ್ತು. ಒಂದು ದಿನ ಅದು ನಮ್ಮ ಹಾಸ್ಟೆಲಿನ ಮುಂದಿನ ರಸ್ತೆಗೇ ಬಂತು. ಜೈ ತೆಲಂಗಾಣ ಅನ್ನುತ್ತ ಜನ ಬಂದು, ಕಲ್ಲು ಜೋಡಿಸಿ, ಕಟ್ಟಿಗೆ ಹಚ್ಚಿದರು. ಬೆಳಗಿನ ತುಂತುರಿಗೆ ಕಟ್ಟಿಗೆ ನೆನೆದಿದ್ದವು, ಹೊಗೆಯೇ ಹೊಗೆ. ನಮ್ಮ ಒಲೆಯನ್ನೂ ತರುತ್ತೇವೆ ಅಂತ ಹುಡುಗಿಯರು ಹಟ ಹಿಡಿದರು. ಸರ್ ಒಪ್ಪಿ, ಉದ್ದನೆಯ ಪೈಪನ್ನು ಕಂಪೌಂಡಿನ ಮೇಲಿಂದ ರಸ್ತೆಗೆ ಇಳಿಸಿದರು. ನಡುವೆ ಉರಿ ಹಿಂದಕ್ಕೆ ಹೋಗದಂತೆ ನೀರಿನ ಸೀಸೆಯನ್ನಿಟ್ಟು, ಒಲೆಯ ಸುತ್ತ ಹಗ್ಗ ಕಟ್ಟಿ, ಯಾರೂ ದಾಟಬಾರದು ಅಂದರು. ಬೇಳೆಯ ಹಂಡೆಯನ್ನು ಸ್ಟ್ಯಾಂಡಿನ ಮೇಲಿಟ್ಟು ಹೊತ್ತಿಸಿದರು.

ಏನೂ ಕಾಣಲಿಲ್ಲ. ಜಲಜನಕದ ಉರಿಗೆ ಬಣ್ಣವಿಲ್ಲ. ಒಳಗೆ ನೆರಳಿನಲ್ಲಿ ತೆಳ್ಳಗೆ ಕಾಣುತ್ತಿದ್ದದ್ದು ಆ ನಡುಮಧ್ಯಾಹ್ನದ ಬಿಸಿಲಿನಲ್ಲಿ ಪೂರ್ತಿ ಮಾಯವಾಗಿತ್ತು. ಜನ ಕತ್ತು ಚಾಚಿ ನೋಡಿ ನಗತೊಡಗಿದರು. ಪಂತುಲುಗಾರು, ಅಂದರೆ ಮೇಷ್ಟರು, ಗಾಳಿಯಿಂದ ಬೇಳೆ ಬೇಯಿಸುತ್ತಾರಂತೆ ಅಂತ ಯಾರೋ ತೆಲುಗಿನಲ್ಲಿ ಗೇಲಿ ಮಾಡಿದರು. ಅದಕ್ಕಿಂತ ಹೆದರಿಕೆಯ ಸಂಗತಿ ಇನ್ನೊಂದಿತ್ತು. ಉರಿಯೇ ಇಲ್ಲ ಅಂದುಕೊಂಡ ಒಬ್ಬಾತ ಹಗ್ಗದ ಒಳಗೆ ಕಾಲಿಟ್ಟು ಒಲೆಯ ಕಡೆ ಕೈ ಚಾಚಿದ. ಸರ್ ಕೂಗಿದ್ದು ಘೋಷಣೆಯ ಗದ್ದಲದಲ್ಲಿ ಕೇಳಲಿಲ್ಲ.

ಆಗ ಶಾಂತಾಬಾಯಿ ಗೇಟಿನಿಂದ ಬಂದಳು. ಬಲಗೈ ಮುಷ್ಟಿಯಲ್ಲಿ ಉಪ್ಪು. ಆತನನ್ನು ಎಡಗೈಯಿಂದ ಹಿಂದಕ್ಕೆ ತಳ್ಳಿದಳು. "ಊರ ಮಂದಿ ಕಣ್ಣೆಲ್ಲ ಇದರ ಮ್ಯಾಲೆ ಬಿದ್ದಾವ," ಅಂದು, ಮುಷ್ಟಿಯನ್ನು ಪೈಪಿನ ಕಡೆಗೆ, ಹಂಡೆಯ ಕಡೆಗೆ, ಮುಖ ಆ ಕಡೆ ತಿರುಗಿಸಿಕೊಂಡೇ ಸರ್ ಅವರ ಕಡೆಗೂ ಮೂರು ಸುತ್ತು ಇಳಿಸಿ, ಉಪ್ಪನ್ನು ಒಲೆಗೆ ಎರಚಿದಳು.

ಉರಿ ಕಂಡಿತು. ಏನೂ ಇಲ್ಲದ ಜಾಗದಲ್ಲಿ ಹಂಡೆಯ ತಳವನ್ನೆಲ್ಲ ತಬ್ಬಿಕೊಂಡು ಅರಿಶಿನ ಬಣ್ಣದ ಉರಿ ಭಗ್ಗನೆ ಅರಳಿ ನಿಂತಿತು. ಅಷ್ಟು ಹೊತ್ತೂ ಅದು ಅಲ್ಲೇ ಇತ್ತು, ಅಷ್ಟೇ ದೊಡ್ಡದಾಗಿ ಇತ್ತು. ಘೋಷಣೆ ನಿಂತುಹೋಯಿತು. ಕೈ ಚಾಚಿದ್ದ ಆತ ತನ್ನ ಕೈಯನ್ನೇ ನೋಡಿಕೊಳ್ಳುತ್ತ ಹಿಂದೆ ಸರಿದ. ಮುದುಕಿಯೊಬ್ಬಳು ಕೈಮುಗಿದಳು. ನಮ್ಮದು ಬೌದ್ಧ ಮನೆತನ, ದೃಷ್ಟಿ ತೆಗೆಯುವುದನ್ನೆಲ್ಲ ನಮ್ಮ ತಾತನ ಕಾಲಕ್ಕೇ ಬಿಟ್ಟಾಗಿತ್ತು. ಉಪ್ಪಿನಲ್ಲಿರುವ ಸೋಡಿಯಂ ಉರಿಗೆ ಹಳದಿ ಬಣ್ಣ ಕೊಡುತ್ತದೆ ಎಂಬುದೂ ನನಗೆ ಗೊತ್ತಿತ್ತು, ಪರೀಕ್ಷೆಯಲ್ಲಿ ಬರೆದಿದ್ದೆ. ಗೊತ್ತಿದ್ದದ್ದು ಯಾವುದೂ ಆಗ ನೆರವಿಗೆ ಬರಲಿಲ್ಲ. ರೋಮಾಂಚನವಾಗಿ ಕಣ್ಣಲ್ಲಿ ನೀರು ತುಂಬಿತು, ಒರೆಸಿಕೊಳ್ಳಲೂ ಇಲ್ಲ. ಬಿಸಿಲು ನೀರಿನೊಳಗೆ ಹೊಕ್ಕು, ಅನಿಲವಾಗಿ, ಮತ್ತೆ ಬಿಸಿಲಿನ ಬಣ್ಣದಲ್ಲೇ ರಸ್ತೆಯ ನಡುವೆ ಎದ್ದು ನಿಂತಿತ್ತು.

ಆ ಬೇಳೆಯನ್ನು ಎಲ್ಲರೂ ಉಂಡರು. ಸಾಲಿನ ಕೊನೆಯಲ್ಲಿ ಕೂತಿದ್ದ ಸರ್ ಅವರ ಮುಂದೆ ಶಾಂತಾಬಾಯಿ ರೊಟ್ಟಿಯ ಬುಟ್ಟಿ ತಂದು ನಿಂತು, ಬೇಡ ಬೇಡ ಅಂದರೂ ಕೇಳದೆ ಎಲೆಯ ಮೇಲೆ ರೊಟ್ಟಿ ಒಟ್ಟಿದಳು. ಈಗ ಎಣಿಸಿರಿ ಅಂದಳು. ಸರ್ ತಲೆ ತಗ್ಗಿಸಿ, ಬಾಯಿಯಲ್ಲಿ ರೊಟ್ಟಿ ಇಟ್ಟುಕೊಂಡೇ ನಕ್ಕರು. ಮರುದಿನ ಬೆಳಿಗ್ಗೆ ಕಲ್ಲಿನ ಕಟ್ಟೆಯ ಕಡೆಯಿಂದ ನೀರು ಎರಚುವ ಸದ್ದು ಕೇಳಿ ನಾನು ಎದ್ದೆ.

ಮುಷ್ಕರ ಮುಗಿದು ಬಸ್ಸು ಓಡತೊಡಗಿದ ಮೇಲೆ ಸಂಸ್ಥೆಯವರು ಬಂದರು. ಹೊಸ ಲೆಕ್ಕ ಅವರ ಮುಂದಿತ್ತು. ಕಂಪ್ರೆಸರ್ ಇಲ್ಲ, ಹೀಟರ್ ಇಲ್ಲ, ಡ್ರಮ್ಮಿನ ಕಬ್ಬಿಣವೂ ಶಾಂತಾಬಾಯಿಯ ಊಟವೂ ಸೇರಿವೆ. ಈ ಸಲ ಯಂತ್ರ ತಿಂದದ್ದನ್ನು ಏಳೆಂಟು ವರ್ಷದಲ್ಲಿ ತಿರುಗಿ ಕೊಡುತ್ತಿತ್ತು. ಫಲಕಗಳು ಅದರ ಎರಡರಷ್ಟು ಕಾಲವಾದರೂ ಬಾಳುತ್ತವೆ. ಬಂದವರಲ್ಲಿ ಹಿರಿಯರೊಬ್ಬರು ಹಾಳೆಯ ಮೇಲೆ ಬೆರಳಿಟ್ಟು, ಮೊದಲ ದಿನದ ಹಾಗೆಯೇ ಕೊನೆಯ ತನಕ ಅನಿಲ ಬರುತ್ತದೆ ಅಂತ ಹೇಗೆ ಹಿಡಿದಿರಿ, ಧೂಳು ಕೂತರೆ ಇದೆಲ್ಲ ತಲೆಕೆಳಗಾಗುತ್ತದೆ ಅಂದರು. ನ್ಯಾಯವಾದ ಮಾತು. ನಾವು ಅದನ್ನು ಆ ಮುನಿಸಿನ ದಿನಗಳಲ್ಲಿ ಕಣ್ಣಾರೆ ನೋಡಿದ್ದೆವು. ಸರ್ ಬಾಗಿಲ ಕಡೆ ನೋಡಿದರು. ಚಹಾ ತಂದು ನಿಂತಿದ್ದ ಶಾಂತಾಬಾಯಿಗೆ ನಾನು ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದೆ.

"ನಾ ತೊಳಿತೀನ್ರಿ," ಅಂದಳು. "ಅದು ಒಯ್ದ ಬೀಜ ಹೊಳ್ಳಿ ಕೊಡೋತನಕ ತೊಳಿತೀನಿ. ನಾ ಇಲ್ಲಂದ್ರ ನನ್ನ ಹಿಂದ ಬಂದಾಕಿಗಿ ಹೇಳಿ ಹೋಗ್ತೀನಿ."

ಯಂತ್ರ ಉಳಿಯಿತು. ನಾನು ಆ ಬೇಸಿಗೆಯಲ್ಲಿ ಜಹೀರಾಬಾದಿನ ಕಾಲೇಜಿಗೆ ಸೇರಿದೆ. ರಾಜ್ಯ ಬಂತು, ಧ್ವಜ ಏರಿತು. ಸರ್ ರಾಜ್ಯವನ್ನು ಕಂಡರು, ಯಂತ್ರದ ಬೀಜ ತೀರುವುದನ್ನು ಕಾಣಲಿಲ್ಲ. ಅವರು ಹೋದ ಮೇಲೆ ಶಾಂತಾಬಾಯಿ ಪ್ರತಿವರ್ಷ ಮಳೆ ನಿಂತ ಕೂಡಲೇ ಫೋನು ಮಾಡಿ ಇನ್ನೆಷ್ಟು ಉಳಿದಿದೆ ಅಂತ ಕೇಳುತ್ತಿದ್ದಳು. ನಡುವೆ ಒಮ್ಮೆ ತಗಡುಗಳನ್ನು ಬದಲಿಸಬೇಕಾಗಿ ಬಂತು. ಅದರ ಬೆಂಕಿಯನ್ನೂ ಸೇರಿಸಿ ಹೇಳಿದಾಗ ಮುನಿಯಲಿಲ್ಲ, ಸೇರಿಸಬೇಕಾದ್ದೇ ಅಂದಳು. ಕೊನೆಗೊಂದು ವರ್ಷ, ಉದ್ದು ಬಡಿಯುವ ದಿನಗಳಲ್ಲಿ, ಅನಿಲ ಅಳೆಯುವ ಮೀಟರಿನ ಅಂಕಿ ತರಿಸಿಕೊಂಡು ಕೂಡಿಸಿದೆ. ಸರಿಯಿದೆಯೇ ಅಂತ ಇನ್ನೊಮ್ಮೆ ಕೂಡಿಸಿದೆ. ಆಮೇಲೆ ನಾನೇ ಫೋನು ಮಾಡಿ, ತೀರಿತು ಬಾಯಿ, ಒಯ್ದದ್ದೆಲ್ಲ ಹೊಳ್ಳಿ ಬಂತು ಅಂದೆ.

ಆ ಕಡೆ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟ ಸದ್ದು ಕೇಳಿತು.

"ಹಂಗಾದ್ರ ಇವತ್ತಿಂದ ಬರೋದು ಯಾರದ್ರಿ?" ಅಂದಳು.

ಸೂರ್ಯನದು, ಯಾರದೂ ಅಲ್ಲ ಅಂದೆ.

"ಯಾರದೂ ಅಲ್ಲಂದ್ರ ಎಲ್ಲಾರದು," ಅಂದಳು ಶಾಂತಾಬಾಯಿ. ಫೋನು ಇಡುವುದನ್ನೂ ಮರೆತು ಆಕೆ ಹುಡುಗಿಯರಿಗೆ ಕೂಗಿ ಹೇಳಿದ್ದು ನನಗೆ ಕೇಳಿಸಿತು: ದೊಡ್ಡ ಹಂಡೆ ಇಳಿಸಿರಿ, ಗೇಟು ತೆರೆದಿಡ್ರಿ, ರಸ್ತೆದಾಗ ಯಾರು ಹೊಂಟಾರೋ ಅವರನ್ನ ಊಟಕ್ಕ ಕರೀರಿ.